ಹಲವು ದೇಶಗಳ ಪ್ರಯಾಣವೂ ವೀಸಾ ಏಜನ್ಸಿಗಳೂ

ಪರದೇಶಕ್ಕೆ ಹೊರಡುವವನು ಮುಖ್ಯವಾಗಿ ಎರಡು ಪತ್ರಗಳನ್ನು ಸಂಪಾದಿಸಿಕೊಳ್ಳಬೇಕಾಗುತ್ತದೆ. ಮೊದಲನೆಯದು ಪಾಸ್‌ಪೋರ್ಟು. ಇದನ್ನು ಕೊಡತಕ್ಕದ್ದು ನಮ್ಮ ಸರಕಾರ; ಇಂಥವನು ಭಾರತದ ಪ್ರಜೆಯೆಂದು ಇತರ ದೇಶಗಳಿಗೆ ತಿಳಿಯಪಡಿಸುವ ಪುಸ್ತಕ ಅದು. ಎರಡನೆಯದು ವೀಸಾ. ಇದನ್ನು ಕೊಡತಕ್ಕದ್ದು ನಾವು ಹೋಗಲಿರುವ ದೇಶ. ಲ್ಯಾಟಿನ್ ಭಾಷೆಯಿಂದ ಬಂದ ಈ ಶಬ್ದಕ್ಕೆ ‘ನೋಡಲ್ಪಟ್ಟದ್ದು’ ಎಂದು ಅರ್ಥ. ಆಯಾ ದೇಶದ ಅಧಿಕಾರಿ ಪ್ರಯಾಣಿಕನ ಕಾಗದಗಳನ್ನು ನೋಡಿ, ಸರಿಯೆಂದು ಕಂಡರೆ ಮುದ್ರೆಯೊತ್ತುತ್ತಾನೆ. ಹೆಸರಿನಲ್ಲಿಯೇ ವೀಸಾದ ತಿರುಳು ಅಡಗಿದೆ. ನೋಡುವವನೂ ಒಪ್ಪುವವನೂ ಆ ದೇಶದ ಅಧಿಕಾರಿಯೇ ಹೊರತು ಬೇರಾರೂ ಅಲ್ಲ.

ಇಷ್ಟು ಸರಳವಾದ ಸಂಗತಿಯನ್ನು ನಮ್ಮ ಕಡೆಯ ಅನೇಕರು ಮರೆತಿರುವಂತೆ ತೋರುತ್ತದೆ. “ನಮ್ಮ ಏಜೆಂಟರು ವೀಸಾ ಮಾಡಿಸಿಕೊಡುತ್ತಾರೆ” ಎಂಬ ಮಾತು ಕಾಸರಗೋಡಿನ ಪೇಟೆಯಲ್ಲಿ ದಿನಬೆಳಗಾದರೆ ಕೇಳಿಬರುತ್ತದೆ. ಈ ಮಾತು ಹುಟ್ಟಿದ್ದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಜಿಲ್ಲೆಯ ಸಾವಿರಾರು ಕುಟುಂಬಗಳ ಜೀವನ ಅನೇಕ ದಶಕಗಳಿಂದ ಕೊಲ್ಲಿಯ ದೇಶಗಳೊಡನೆ ಹೆಣೆದುಕೊಂಡಿದೆ. ಅಲ್ಲಿನ ಪದ್ಧತಿಯೇ ಬೇರೆ. ಸಂಯುಕ್ತ ಅರಬ್ ಎಮಿರೇಟ್ಸಿಗೆ ಪ್ರವಾಸ ಹೋಗಬಯಸುವವರ ಪರವಾಗಿ ವಿಮಾನ ಸಂಸ್ಥೆಯಾಗಲಿ, ಹೋಟೆಲಾಗಲಿ, ಪರವಾನಗಿ ಪಡೆದ ಪ್ರವಾಸಿ ಏಜನ್ಸಿಯಾಗಲಿ ವೀಸಾ ಕೋರಬಹುದು. ಉದ್ಯೋಗದ ವೀಸಾ ಆದರೆ ಕೆಲಸ ಕೊಡುವ ಯಜಮಾನನೇ ಕೋರುತ್ತಾನೆ. ಅಂದರೆ ಅಲ್ಲಿ ಮಧ್ಯವರ್ತಿಗೆ ಕಾನೂನಿನಲ್ಲಿಯೇ ಒಂದು ಸ್ಥಾನವಿದೆ. ಪ್ರಯಾಣಿಕನು ಪಾಸ್‌ಪೋರ್ಟಿನ ಪ್ರತಿ ಹಾಗೂ ಭಾವಚಿತ್ರ ಕೊಟ್ಟು ಮನೆಯಲ್ಲಿ ಕುಳಿತಿದ್ದರೂ ಸಾಕು, ವೀಸಾ ಬರುತ್ತದೆ. ತಂದೆಯ ಕಾಲದಿಂದ ಇದನ್ನು ಕಂಡವರು ಯೂರೋಪಿಗೆ ಹೊರಡುವಾಗಲೂ ಹಾಗೆಯೇ ಎಂದು ಭಾವಿಸುತ್ತಾರೆ. ಎಲ್ಲ ತೊಡಕುಗಳೂ ಇಲ್ಲಿಂದ ಮೊದಲಾಗುತ್ತವೆ.

ಈಗ ನಮ್ಮ ಊರುಗಳ ಮಕ್ಕಳು ಜರ್ಮನಿ, ಹಾಲೆಂಡು, ಇಂಗ್ಲೆಂಡುಗಳಲ್ಲಿ ಓದುವುದೂ ದುಡಿಯುವುದೂ ಸಾಮಾನ್ಯವಾಗಿದೆ. ಅವರನ್ನು ಕಾಣಲು ತಂದೆತಾಯಿಗಳು ಹೊರಡುತ್ತಾರೆ. ಅಷ್ಟು ದೂರ ಹೋದ ಮೇಲೆ ಸುತ್ತಲ ನಾಲ್ಕು ದೇಶಗಳನ್ನೂ ನೋಡಿ ಬರೋಣವೆನ್ನುವುದು ಸಹಜವಾದ ಆಸೆ. ಆದುದರಿಂದ ಒಂದೇ ಪ್ರಯಾಣದಲ್ಲಿ ಹಲವು ದೇಶಗಳ ವೀಸಾ ಸಂಪಾದಿಸುವ ಕ್ರಮವನ್ನೂ, ಅದರಲ್ಲಿ ಏಜನ್ಸಿಗಳ ಪಾತ್ರ ಎಷ್ಟರವರೆಗೆ ಎಂಬುದನ್ನೂ ಇಲ್ಲಿ ವಿವರಿಸಲಾಗುವುದು. ಮನೆಯಲ್ಲಿ ಅರ್ಜಿ ತುಂಬಿಸುವ ಕೆಲಸ ಇಂದು ಬಹುಮಟ್ಟಿಗೆ ಮಕ್ಕಳ ಪಾಲಿಗೇ ಬರುವುದರಿಂದ ವಿದ್ಯಾರ್ಥಿಗಳೂ ಇದನ್ನು ಗಮನವಿಟ್ಟು ಓದುವುದು ಒಳ್ಳೆಯದು.

ಮೊದಲು ಯೂರೋಪಿನ ಏರ್ಪಾಡನ್ನು ತಿಳಿಯೋಣ. 1985ರ ಜೂನ್ 14ರಂದು ಲಕ್ಸೆಂಬರ್ಗ್ ದೇಶದ ಶೆಂಗೆನ್ ಎಂಬ ಸಣ್ಣ ಗ್ರಾಮದ ಬಳಿ, ಮೊಸೆಲ್ ನದಿಯಲ್ಲಿ ನಿಂತ ಒಂದು ಹಡಗಿನ ಮೇಲೆ, ಐದು ದೇಶಗಳು ಒಂದು ಒಪ್ಪಂದಕ್ಕೆ ರುಜು ಹಾಕಿದುವು. ಬೆಲ್ಜಿಯಂ, ಫ್ರಾನ್ಸ್, ಹಾಲೆಂಡ್, ಲಕ್ಸೆಂಬರ್ಗ್ ಹಾಗೂ ಅಂದಿನ ಪಶ್ಚಿಮ ಜರ್ಮನಿ ಇವೇ ಆ ಐದು. ತಮ್ಮ ತಮ್ಮ ನಡುವಣ ಗಡಿಗಳಲ್ಲಿ ಪ್ರಯಾಣಿಕರನ್ನು ತಡೆದು ಪರೀಕ್ಷಿಸುವುದನ್ನು ಕ್ರಮೇಣ ಬಿಟ್ಟುಬಿಡಬೇಕೆಂಬುದು ಅದರ ಆಶಯ. 1995ರ ಮಾರ್ಚ್ 26ರಿಂದ ಅದು ಆಚರಣೆಗೆ ಬಂತು. ಬಲ್ಗೇರಿಯ, ರುಮೇನಿಯಗಳು 2025ರ ಜನವರಿ 1ರಂದು ಪೂರ್ಣವಾಗಿ ಸೇರಿದ ಬಳಿಕ ಈ ಕೂಟದಲ್ಲಿ 29 ದೇಶಗಳಾದುವು. ಇವುಗಳಲ್ಲಿ ಯಾವುದೇ ಒಂದು ದೇಶ ಕೊಟ್ಟ ಅಲ್ಪಕಾಲದ ವೀಸಾ ಸಾಧಾರಣವಾಗಿ ಉಳಿದ ಎಲ್ಲ ದೇಶಗಳಿಗೂ ಸಲ್ಲುತ್ತದೆ. ಯಾವ 180 ದಿನಗಳನ್ನು ತೆಗೆದುಕೊಂಡರೂ ಒಟ್ಟು 90 ದಿನಗಳಿಗಿಂತ ಹೆಚ್ಚಾಗಿ ಅಲ್ಲಿ ಇರಕೂಡದು. ಒಳಹೊಕ್ಕ ದಿನವೂ ಹೊರಬಿದ್ದ ದಿನವೂ ಲೆಕ್ಕಕ್ಕೆ ಬರುತ್ತವೆ. ಇಂಗ್ಲೆಂಡು ಈ ಕೂಟದಲ್ಲಿಲ್ಲ; ಐರ್ಲೆಂಡೂ ಇಲ್ಲ. ಭಾಷೆಯ ಗಡಿಯ ಅಂಚಿನಲ್ಲಿಯೇ ಬಾಳುವ ನಮ್ಮಂಥವರಿಗೆ, ಗಡಿಯಿದ್ದೂ ತಡೆಯಿಲ್ಲದ ಇಂಥದೊಂದು ವ್ಯವಸ್ಥೆ ಓದಲು ಹಿತವಾಗಿಯೇ ಇರುತ್ತದೆ.

ಇಲ್ಲಿ ಮೂರು ಬಗೆಯ ಕಚೇರಿಗಳು ನಮ್ಮೆದುರು ನಿಲ್ಲುತ್ತವೆ. ಜನರು ಈ ಮೂರನ್ನೂ ಕಲಸಿಬಿಡುತ್ತಾರೆ. ಒಂದು, ಆಯಾ ದೇಶದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟು. ವೀಸಾ ಕೊಡುವ, ನಿರಾಕರಿಸುವ ಅಧಿಕಾರ ಅದಕ್ಕೆ ಮಾತ್ರ ಉಂಟು. ಎರಡು, ಆ ಕಚೇರಿ ಕಾಗದಗಳನ್ನು ಸ್ವೀಕರಿಸುವುದಕ್ಕಾಗಿ ಗುತ್ತಿಗೆ ಕೊಟ್ಟಿರುವ ಕೇಂದ್ರ. 2001ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾದ ವಿ.ಎಫ್.ಎಸ್. ಎಂಬ ಸಂಸ್ಥೆ ಇಂಥ ಕೇಂದ್ರಗಳನ್ನು ನಡೆಸುವುದರಲ್ಲಿ ಪ್ರಸಿದ್ಧವಾದುದು, ಬಿ.ಎಲ್.ಎಸ್. ಎಂಬುದು ಇನ್ನೊಂದು. ಇವು ಅರ್ಜಿ ತೆಗೆದುಕೊಳ್ಳುತ್ತವೆ, ಬೆರಳಚ್ಚು ಮತ್ತು ಭಾವಚಿತ್ರಗಳನ್ನು ತೆಗೆಯುತ್ತವೆ, ಶುಲ್ಕ ಪಡೆಯುತ್ತವೆ, ಎಲ್ಲವನ್ನೂ ಕಾನ್ಸುಲೇಟಿಗೆ ಕಳುಹಿಸಿ ಮರಳಿ ಬಂದುದನ್ನು ನಮಗೆ ಒಪ್ಪಿಸುತ್ತವೆ. ತೀರ್ಮಾನದಲ್ಲಿ ಇವುಗಳ ಕೈ ಎಳ್ಳಷ್ಟೂ ಇಲ್ಲ. ಮೂರನೆಯದೇ ಬಸ್ಸು ನಿಲ್ದಾಣದ ಎದುರಿನ ಮಾಳಿಗೆಯ ಮೇಲೆ ಫಲಕ ಹಾಕಿಕೊಂಡಿರುವ ಖಾಸಗಿ ಟ್ರಾವೆಲ್ ಏಜನ್ಸಿ. ಇದು ಅರ್ಜಿದಾರನ ಸಹಾಯಕ, ಅಷ್ಟೇ. ಅಂಚೆಯವನು ಕಾಗದ ತಂದುಕೊಟ್ಟನೆಂದು ಕಾಗದ ಬರೆದವನು ಅವನೇ ಎನ್ನುವುದುಂಟೆ?

ಹಾಗೆಂದು ಏಜನ್ಸಿ ನಿಷ್ಪ್ರಯೋಜಕವೆಂದು ತಿಳಿಯಬಾರದು. ಅರ್ಜಿ ಇಂಗ್ಲಿಷಿನಲ್ಲೋ ಆ ದೇಶದ ಭಾಷೆಯಲ್ಲೋ ಇರುತ್ತದೆ. ಯಾವ ದೇಶ ಯಾವ ಕಾಗದ ಕೇಳುತ್ತದೆ, ಯಾವುದನ್ನು ಎಷ್ಟು ಮುಂಚಿತವಾಗಿ ಸಲ್ಲಿಸಬೇಕು, ಕೇಂದ್ರದಲ್ಲಿ ಭೇಟಿಯ ಸಮಯ ಎಂದು ಸಿಕ್ಕೀತು ಎಂಬ ತಿಳಿವಳಿಕೆ ನಿತ್ಯ ಅದೇ ಕೆಲಸ ಮಾಡುವವರಿಗೆ ಹೆಚ್ಚಾಗಿ ಇರುತ್ತದೆ. ಶೆಂಗೆನ್ ದೇಶಗಳ ವೀಸಾ ಕಾಯಿದೆಯೂ ಮನ್ನಣೆ ಪಡೆದ ಏಜನ್ಸಿಗಳು ಅರ್ಜಿ ಸಲ್ಲಿಸುವುದನ್ನು ಒಪ್ಪುತ್ತದೆ. ಆದರೆ ಬೆರಳಚ್ಚು ತೆಗೆಯುವ ಅಧಿಕಾರವನ್ನು ಅವಕ್ಕೆ ಕೊಟ್ಟಿಲ್ಲ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳವರೆಗೆ ಸಾಕಾಗುವುದರಿಂದ ಹಿಂದೆ ಹೋಗಿಬಂದವರಿಗೆ ಮಾತ್ರ ಈ ಅನುಕೂಲ ಒದಗೀತು. ಮೊದಲ ಬಾರಿಗೆ ಹೋಗುವವರು ತಾವೇ ಕೇಂದ್ರಕ್ಕೆ ಹೋಗದೆ ಗತ್ಯಂತರವಿಲ್ಲ. ವಯಸ್ಸಾದ ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗುವವರು ಈ ಓಡಾಟವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ಬದಿಯಡ್ಕದ ಕಡೆಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ: ತಂದೆ, ತಾಯಿ, 14 ವರ್ಷದ ಮಗ, 11 ವರ್ಷದ ಕಿರಿಯ ಮಗಳು. ಹಿರಿಯ ಮಗಳು ಮ್ಯೂನಿಕ್ ನಗರದಲ್ಲಿ ಕೆಲಸದಲ್ಲಿದ್ದಾಳೆ. ಬೇಸಗೆಯ ರಜೆಯಲ್ಲಿ, ಏಪ್ರಿಲ್ 10ರಂದು ಹೊರಟು, ದಾರಿಯಲ್ಲಿ ದುಬಾಯಿಯ ಮಾವನ ಮನೆಯಲ್ಲಿ 2 ರಾತ್ರಿ ತಂಗಿ, ಆಮ್‌ಸ್ಟರ್‌ಡಾಮಿನಲ್ಲಿ 3 ರಾತ್ರಿ, ಮ್ಯೂನಿಕ್ಕಿನಲ್ಲಿ 7, ಸ್ವಿಟ್ಜರ್ಲೆಂಡಿನಲ್ಲಿ 3, ಪ್ಯಾರಿಸಿನಲ್ಲಿ 3, ಅಲ್ಲಿಂದ ರೈಲಿನಲ್ಲಿ ಲಂಡನ್ನಿಗೆ ಹೋಗಿ 4 ರಾತ್ರಿ ಕಳೆದು ಊರಿಗೆ ಮರಳಬೇಕೆಂದಿದ್ದಾರೆ. ದೇಶಗಳನ್ನು ಎಣಿಸಿದರೆ ಆರು. ವೀಸಾಗಳಾದರೋ ಮೂರೇ: ಎಮಿರೇಟ್ಸಿನದು ಒಂದು, ಶೆಂಗೆನ್ ಒಂದು, ಬ್ರಿಟನ್ನಿನದು ಒಂದು. “ಆರು ದೇಶ, ಆರು ವೀಸಾ, ಆರು ಪಟ್ಟು ಫೀಸು” ಎಂದು ಯಾವನಾದರೂ ಏಜೆಂಟನು ಹೇಳಿದನಾದರೆ ಅವನ ಅಂಗಡಿಯ ಮೆಟ್ಟಿಲನ್ನು ಇಳಿದುಬಿಡುವುದೇ ಉತ್ತಮ.

ಈಗ ಶೆಂಗೆನ್ ವೀಸಾವನ್ನು ಹಾಲೆಂಡು, ಜರ್ಮನಿ, ಸ್ವಿಟ್ಜರ್ಲೆಂಡು, ಫ್ರಾನ್ಸುಗಳಲ್ಲಿ ಯಾರಿಂದ ಪಡೆಯಬೇಕು? ಮನಸ್ಸಿಗೆ ಬಂದವರಿಂದ ಅಲ್ಲ. ಪ್ರಯಾಣದ ಮುಖ್ಯ ಉದ್ದೇಶ ಎಲ್ಲಿ ನೆರವೇರುವುದೋ, ಅಥವಾ ಹೆಚ್ಚು ಕಾಲ ಎಲ್ಲಿ ಕಳೆಯುವುದೋ ಆ ದೇಶವೇ ಅರ್ಜಿಯನ್ನು ವಿಚಾರಿಸತಕ್ಕದ್ದು. ನಮ್ಮ ಕುಟುಂಬದ ಮಟ್ಟಿಗೆ ಎರಡು ರೀತಿಯಿಂದಲೂ ಅದು ಜರ್ಮನಿ. ಎಲ್ಲ ಕಡೆಗೂ ಸಮನಾದ ದಿನಗಳಿದ್ದು, ಇಂಥದೇ ಮುಖ್ಯವೆಂದು ಹೇಳುವಂತಿಲ್ಲದಿದ್ದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ ಅರ್ಜಿ ಹೋಗಬೇಕು. “ಮೊದಲು ಇಳಿಯುವ ಕಡೆಯೇ ಅರ್ಜಿ ಕೊಡಬೇಕು” ಎಂದು ಹಲವರು ಹೇಳುವುದು ಅರ್ಧ ಸತ್ಯ.

ಕೆಲವು ಏಜೆಂಟರು ಇಲ್ಲೊಂದು ಒಳದಾರಿ ತೋರಿಸುತ್ತಾರೆ. ಇಂಥ ದೇಶದ ಕೇಂದ್ರದಲ್ಲಿ ಭೇಟಿಯ ಸಮಯ ಬೇಗ ಸಿಗುತ್ತದೆ, ಅಲ್ಲಿಯೇ ಹೆಚ್ಚು ದಿನ ಇರುವುದಾಗಿ ಹೋಟೆಲಿನ ಕಾಗದ ಮಾಡಿಸಿ ವೀಸಾ ತೆಗೆಯೋಣ, ಆಮೇಲೆ ಆ ಕೊಠಡಿಗಳನ್ನು ರದ್ದು ಮಾಡಿ ನೇರವಾಗಿ ಜರ್ಮನಿಗೆ ಹೋದರಾಯಿತು ಎನ್ನುತ್ತಾರೆ. ಮೇಲ್ನೋಟಕ್ಕೆ ಯಾರಿಗೂ ನಷ್ಟವಿಲ್ಲದ ಉಪಾಯವಿದು. ಆದರೆ ವಿಮಾನ ನಿಲ್ದಾಣದಲ್ಲಿ ಗಡಿಯ ಅಧಿಕಾರಿ ಎಲ್ಲಿ ತಂಗುವಿರಿ, ಎಷ್ಟು ದಿನ ಎಂದು ಕೇಳುವ ಹಕ್ಕುಳ್ಳವನು. ಸುಳ್ಳು ವಿವರ ಕೊಟ್ಟು ವೀಸಾ ಪಡೆದುದು ತಿಳಿದುಬಂದರೆ ಅದನ್ನು ಅಲ್ಲಿಯೇ ರದ್ದುಗೊಳಿಸಿ ಹಿಂದಕ್ಕೆ ಕಳುಹಿಸಬಹುದು. ಆಗ ಕೌಂಟರಿನೆದುರು ಮಕ್ಕಳ ಕೈ ಹಿಡಿದು ನಿಲ್ಲುವವರು ತಂದೆತಾಯಿಗಳೇ; ಉಪಾಯ ಹೇಳಿಕೊಟ್ಟವನು ಊರಿನಲ್ಲಿ ಇನ್ನೊಬ್ಬರಿಗೆ ಅದನ್ನೇ ಹೇಳುತ್ತಿರುತ್ತಾನೆ.

ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕೆಂಬುದು ನಮ್ಮಂಥ ಗಡಿನಾಡಿನವರಿಗೆ ವಿಶೇಷವಾಗಿ ಅನ್ವಯಿಸುವ ವಿಷಯ. ಪ್ರತಿಯೊಂದು ಕಾನ್ಸುಲೇಟಿಗೂ ಇಂತಿಂಥ ರಾಜ್ಯಗಳೆಂದು ಎಲ್ಲೆ ಗೊತ್ತುಮಾಡಿರುತ್ತಾರೆ. ಅದನ್ನು ನಿರ್ಣಯಿಸುವುದು ನಾವು ವಾಸಿಸುವ ರಾಜ್ಯವೇ ಹೊರತು ಮನೆಯಲ್ಲಿ ಆಡುವ ಭಾಷೆಯಲ್ಲ. ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ಎಲ್ಲೆಗೆ ಕರ್ನಾಟಕ, ಕೇರಳಗಳೆರಡೂ ಸೇರಿವೆ. ಆದುದರಿಂದ ಕಾಸರಗೋಡು, ವಯನಾಡುಗಳು ಅಲ್ಲಿಗೇ ಸಲ್ಲುತ್ತವೆ. ಆದರೆ ನೀಲಗಿರಿ, ಹೊಸೂರು, ತಾಳವಾಡಿಗಳು ಚೆನ್ನೈಗೆ. ಆದವಾನಿ, ರಾಯದುರ್ಗ, ಮಡಕಶಿರೆಗಳೂ ಚೆನ್ನೈಗೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮತ್ತು ಗೋವೆ ಮುಂಬಯಿಗೆ. ಫ್ರಾನ್ಸಿನ ಲೆಕ್ಕ ಇನ್ನೂ ಸೋಜಿಗವಾದುದು. ಕರ್ನಾಟಕವು ಬೆಂಗಳೂರಿನ ಫ್ರೆಂಚ್ ಕಾನ್ಸುಲೇಟಿಗೆ ಸೇರಿದ್ದರೆ ಕೇರಳವು ಪುದುಚೇರಿಯದಕ್ಕೆ ಸೇರಿದೆ. ತಲಪಾಡಿಯ ಆಚೆಗಿನ ಅಣ್ಣ ಬೆಂಗಳೂರಿನವನು, ಈಚೆಗಿನ ತಮ್ಮ ಪುದುಚೇರಿಯವನು! 1956ರ ನವೆಂಬರ್ 1ರಂದು ಎಳೆದ ಗೆರೆ ಪ್ಯಾರಿಸಿನ ದಾರಿಯಲ್ಲಿಯೂ ಅಡ್ಡ ಬರುವುದನ್ನು ನೋಡಿ. ಕೆಲವು ದೇಶಗಳು ಭಾರತದ ಯಾವ ಕೇಂದ್ರದಲ್ಲಾದರೂ ಕಾಗದ ತೆಗೆದುಕೊಳ್ಳುವ ಉದಾರತೆ ತೋರುತ್ತವೆ, ಕೆಲವು ತೋರುವುದಿಲ್ಲ. ಈ ನಿಯಮಗಳು ಬದಲಾಗುವುದುಂಟಾದ ಕಾರಣ ಆಯಾ ಕಾನ್ಸುಲೇಟಿನ ಅಧಿಕೃತ ಪ್ರಕಟನೆಯನ್ನು ಅರ್ಜಿ ಕೊಡುವ ವಾರದಲ್ಲಿಯೇ ಓದಬೇಕು. ಮಂಗಳೂರಿನ ಏಜೆಂಟನು ತನ್ನ ಊರಿನವರಿಗೆ ಹೇಳುವ ವಿಳಾಸ ನಮಗೆ ಹೊಂದದೆ ಹೋಗಬಹುದು. ಇದು ಅವನ ಮೋಸವಲ್ಲ, ಕೇವಲ ರೂಢಿ. ವಾಸದ ವಿಳಾಸ ಕೇರಳದ್ದೆಂದು ನಾವೇ ಮುಂದಾಗಿ ಹೇಳಬೇಕು.

ಹೆಸರಿನ ವಿಷಯವೂ ಗಡಿನಾಡಿನದೇ ಒಂದು ತೊಂದರೆ. ಒಬ್ಬ ಹುಡುಗನ ಹೆಸರು ಶಾಲೆಯ ದಾಖಲೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಬಂದ ಅಕ್ಷರಗಳಲ್ಲಿ, ಪಂಚಾಯತಿನ ಜನನ ಪತ್ರದಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಬಂದ ಅಕ್ಷರಗಳಲ್ಲಿ ಇರುತ್ತದೆ. ಒಂದರಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರ ಮುಂದಿದ್ದರೆ ಇನ್ನೊಂದರಲ್ಲಿ ಮನೆತನದ ಹೆಸರು ಹಿಂದಿರುತ್ತದೆ. ಇಲ್ಲಿ ಇದಾವುದೂ ನಮಗೆ ವಿಚಿತ್ರವಲ್ಲ; ಆದರೆ ಬರ್ಲಿನ್ನಿನ ಅಧಿಕಾರಿಗೆ ಅವು ಇಬ್ಬರು ಬೇರೆ ಬೇರೆ ಹುಡುಗರು. ಅರ್ಜಿ, ವಿಮಾನದ ಕಾದಿರಿಕೆ, ವಿಮೆ, ಹೋಟೆಲಿನ ಕಾಗದ ಎಲ್ಲದರಲ್ಲಿಯೂ ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳೇ ಅದೇ ಕ್ರಮದಲ್ಲಿ ಇರಬೇಕು. ಕನ್ನಡದಲ್ಲಿಯೋ ಮಲಯಾಳದಲ್ಲಿಯೋ ಇರುವ ಪ್ರಮಾಣಪತ್ರಕ್ಕೆ ಇಂಗ್ಲಿಷ್ ಭಾಷಾಂತರ ಜೊತೆಗಿರಬೇಕು. ಶಾಲೆಗೆ ಹೋಗುವ ಮಕ್ಕಳಿಗೆ ಮುಖ್ಯೋಪಾಧ್ಯಾಯರ ಪತ್ರವನ್ನೂ ಕೇಳುವುದುಂಟು. ಇಂಥ ತರಗತಿಯಲ್ಲಿ ಓದುತ್ತಿದ್ದಾನೆ, ಶಾಲೆ ಇಂಥ ದಿನ ಮತ್ತೆ ತೆರೆಯುತ್ತದೆ ಎಂದು ಎರಡು ವಾಕ್ಯಗಳಿದ್ದರೆ ಸಾಕು. ಹುಡುಗನ ಗುಣಗಾನ ಬೇಕಾಗಿಲ್ಲ. ಮಕ್ಕಳ ಅರ್ಜಿಗೆ ತಂದೆತಾಯಿಗಳ ಒಪ್ಪಿಗೆಯ ರುಜು ಬೇಕು. ತಂದೆ ಕೊಲ್ಲಿಯಲ್ಲಿದ್ದು ತಾಯಿ ಮಾತ್ರ ಮಕ್ಕಳೊಡನೆ ಹೋಗುವುದಾದರೆ ತಂದೆಯ ಒಪ್ಪಿಗೆ ಪತ್ರ ಬರಲು ಹಿಡಿಯುವ ಕಾಲವನ್ನೂ ಎಣಿಸಬೇಕು.

ಪಾಸ್‌ಪೋರ್ಟು ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಶೆಂಗೆನ್ ನಾಡನ್ನು ಬಿಡುವ ದಿನದಿಂದ ಮೇಲೆ ಮೂರು ತಿಂಗಳಾದರೂ ಸಿಂಧುವಾಗಿರಬೇಕು, ಎರಡು ಖಾಲಿ ಪುಟಗಳಿರಬೇಕು. ವೈದ್ಯಕೀಯ ವಿಮೆಯ ಮೊತ್ತ 30,000 ಯೂರೋಗಳಿಗೆ ಕಡಿಮೆಯಾಗಬಾರದು. ಶೆಂಗೆನ್ ದೇಶಗಳಿಗೆಂದು ಮಾಡಿಸಿದ ವಿಮೆ ಲಂಡನ್ನಿನಲ್ಲಿಯೂ ನಡೆಯುವುದೇ ಎಂದು ಓದಿ ನೋಡಬೇಕು. ಏಜನ್ಸಿಯವರು ಸಾಮಾನ್ಯವಾಗಿ ಕೇಳಿದಷ್ಟಕ್ಕೇ ಮಾಡಿಸುತ್ತಾರೆ.

ಇನ್ನು ಹಣದ ಲೆಕ್ಕ. 2024ರ ಜೂನ್ 11ರಿಂದ ಶೆಂಗೆನ್ ವೀಸಾ ಶುಲ್ಕ ಪ್ರಾಯದವರಿಗೆ 90 ಯೂರೋ, 6 ವರ್ಷ ತುಂಬಿ 12 ತುಂಬದ ಮಕ್ಕಳಿಗೆ 45, ಅದಕ್ಕೂ ಚಿಕ್ಕವರಿಗೆ ಇಲ್ಲ. ನಮ್ಮ ಕುಟುಂಬದಲ್ಲಿ ತಂದೆ, ತಾಯಿ, ಮಗ ಇವರಿಗೆ ತಲಾ 90, ಮಗಳಿಗೆ 45, ಒಟ್ಟು 315 ಯೂರೋ. ಇದು ಸರಕಾರದ ಶುಲ್ಕ; ವೀಸಾ ಸಿಕ್ಕದಿದ್ದರೂ ಮರಳಿ ಬಾರದು. ಇದರ ಮೇಲೆ ಕೇಂದ್ರದ ಸೇವಾ ಶುಲ್ಕ. ಇದು ಸಾಮಾನ್ಯವಾಗಿ ವೀಸಾ ಶುಲ್ಕದ ಅರ್ಧವನ್ನು ಮೀರಬಾರದೆಂದು ನಿಯಮವಿದೆ. ಆ ಬಳಿಕ ಏಜನ್ಸಿಯ ಕೂಲಿ. ಇದಕ್ಕೆ ಯಾವ ಮಿತಿಯೂ ಇಲ್ಲ, ನಮಗೂ ಅವರಿಗೂ ಒಪ್ಪಿಗೆಯಾದದ್ದು. ಮೂರನ್ನೂ ಒಂದೇ ಅಂಕೆಯಾಗಿ ಹೇಳುವ ಏಜೆಂಟನಿಂದ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು, ಕೇಂದ್ರದ ಮೂಲ ರಸೀದಿಯನ್ನು ಕೇಳಿ ಪಡೆಯಬೇಕು. ಕೇಂದ್ರದಂತೆಯೇ ಕಾಣುವ ಹೆಸರು, ಚಿಹ್ನೆಗಳನ್ನಿಟ್ಟುಕೊಂಡು ದುಪ್ಪಟ್ಟು ಹಣ ವಸೂಲು ಮಾಡುವ ಜಾಲತಾಣಗಳೂ ಇವೆ. ಕಾನ್ಸುಲೇಟಿನ ಪುಟದಲ್ಲಿ ಕೊಟ್ಟ ಕೊಂಡಿಯಿಂದಲೇ ಕೇಂದ್ರದ ತಾಣಕ್ಕೆ ಹೋಗುವುದು ಕ್ಷೇಮ.

ಕಾಗದಗಳ ಕ್ರಮದಷ್ಟೇ ಕಾಲದ ಕ್ರಮವೂ ಮುಖ್ಯ. ವೀಸಾ ಮೂರಾದರೂ ಪಾಸ್‌ಪೋರ್ಟು ಒಂದೇ. ಅದು ಒಂದು ಕಚೇರಿಯಲ್ಲಿ ಕುಳಿತಿರುವಾಗ ಇನ್ನೊಂದು ಕಚೇರಿಗೆ ಕೊಡುವಂತಿಲ್ಲ. ಶೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಕೊಡಬಹುದು; ಕೊನೆಯ ಗಡುವು 15 ದಿನ. ತೀರ್ಮಾನಕ್ಕೆ 15 ದಿನಗಳೆಂದು ನಿಯಮವಿದ್ದರೂ ವಿಚಾರಣೆ ಬೇಕೆನಿಸಿದರೆ 45 ದಿನಗಳವರೆಗೆ ಎಳೆಯಬಹುದು. ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಕೊಡಲಾಗದು. ಆದುದರಿಂದ ಏಪ್ರಿಲ್ 10ಕ್ಕೆ ಹೊರಡುವ ನಮ್ಮ ಕುಟುಂಬವು ಅಕ್ಟೋಬರ್ 12ರ ಬಳಿಕ ಎಂದಾದರೂ ಜರ್ಮನಿಗೆ ಅರ್ಜಿ ಕೊಟ್ಟು, ವರ್ಷ ಮುಗಿಯುವುದರೊಳಗೆ ಪಾಸ್‌ಪೋರ್ಟು ಕೈಸೇರುವಂತೆ ನೋಡಿಕೊಂಡು, ಜನವರಿ 28ರ ಮೇಲೆ ಬ್ರಿಟನ್ನಿಗೆ ಅರ್ಜಿ ಕೊಟ್ಟು, ದುಬಾಯಿಯದನ್ನು ಕೊನೆಗೆ ಇಟ್ಟುಕೊಂಡರೆ ಒಂದು ಇನ್ನೊಂದಕ್ಕೆ ಅಡ್ಡಬಾರದು. ಮಾರ್ಚಿಯಲ್ಲಿ ಪರೀಕ್ಷೆ ಮುಗಿಸಿ ಏಜೆಂಟನ ಬಳಿಗೆ ಓಡುವವರಿಗೆ ಈ ಅವಕಾಶವಿಲ್ಲ. ಅವಸರದಲ್ಲಿದ್ದವನಿಗೇ ಒಳದಾರಿಗಳು ಹೆಚ್ಚು ಬೆಲೆಗೆ ಮಾರಾಟವಾಗುತ್ತವೆ.

ಪ್ರವೇಶದ ಸಂಖ್ಯೆಯನ್ನೂ ಇಲ್ಲಿಯೇ ನೋಡಬೇಕು. ನಮ್ಮ ಕುಟುಂಬ ಪ್ಯಾರಿಸಿನಿಂದ ಲಂಡನ್ನಿಗೆ ಹೋಗಿ ಅಲ್ಲಿಂದಲೇ ಊರಿಗೆ ಮರಳುವುದಾದರೆ ಶೆಂಗೆನ್ ನಾಡಿಗೆ ಪ್ರವೇಶ ಒಂದೇ ಬಾರಿ. ಆದರೆ ಟಿಕೇಟು ಅಗ್ಗವೆಂದು ಲಂಡನ್ನಿನಿಂದ ಮತ್ತೆ ಪ್ಯಾರಿಸಿಗೆ ಬಂದು ವಿಮಾನ ಹತ್ತುವುದಾದರೆ ಎರಡು ಬಾರಿ ಪ್ರವೇಶಿಸಿದಂತಾಯಿತು. ಒಂದೇ ಪ್ರವೇಶದ ವೀಸಾ ಇದ್ದವನು ಲಂಡನ್ನಿನಲ್ಲಿಯೇ ಉಳಿಯಬೇಕಾಗುತ್ತದೆ. ಏಜನ್ಸಿಯಲ್ಲಿ ಟಿಕೇಟು ಮಾಡುವವನೂ ಅರ್ಜಿ ತುಂಬುವವನೂ ಬೇರೆ ಬೇರೆಯಾಗಿದ್ದರೆ ಈ ಎಡವಟ್ಟು ಸುಲಭವಾಗಿ ಸಂಭವಿಸುತ್ತದೆ. ಹಣ ತೆತ್ತ ಟಿಕೇಟನ್ನು ವೀಸಾ ಸಿಗುವ ಮೊದಲೇ ಕೊಳ್ಳಬೇಕಾದುದಿಲ್ಲ. ಕಾದಿರಿಸಿದ ಪತ್ರ ಸಾಕು. ಆದರೆ ಅದು ನಿಜವಾದ ಕಾದಿರಿಕೆಯಾಗಿರಬೇಕು. ಕೆಲವೆಡೆ ಅಚ್ಚುಮಾಡಿಕೊಡುವ ಹುಸಿ ಟಿಕೇಟು ಕಾದಿರಿಕೆಯಲ್ಲ, ಸುಳ್ಳು ದಾಖಲೆ.

ಈ ಸುಳ್ಳು ದಾಖಲೆಯ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕಾಗಿದೆ. ಅಡಿಕೆಯ ಬೆಳೆಗಾರನ ಬ್ಯಾಂಕಿನ ಪುಸ್ತಕದಲ್ಲಿ ಪ್ರತಿ ತಿಂಗಳೂ ಸಂಬಳ ಬಿದ್ದಿರುವುದಿಲ್ಲ; ಕೊಯ್ಲು ಮಾರಿದಾಗ ಒಮ್ಮೆಗೇ ಹಣ ಬರುತ್ತದೆ. ಇದನ್ನು ಕಂಡ ಏಜೆಂಟನು “ಇದು ನಡೆಯದು, ಒಂದು ಸಂಬಳ ಪತ್ರ ಮಾಡಿಸೋಣ” ಎಂದರೆ ಭೋಳೆ ಸ್ವಭಾವದ ತಂದೆ ತಲೆಯಾಡಿಸಿಬಿಡುತ್ತಾನೆ. ಇಂಥಲ್ಲಿ ಬೇಕಾದುದು ಸೊಸೈಟಿಯ ಮಾರಾಟದ ಚೀಟಿಗಳು, ಭೂಮಿಯ ತೆರಿಗೆ ರಸೀದಿ, ಆದಾಯ ಹೀಗೆ ಬರುತ್ತದೆಂದು ವಿವರಿಸುವ ಒಂದು ಪುಟದ ಪತ್ರ. ನಿಜವನ್ನು ವಿವರಿಸಬಹುದು, ಸುಳ್ಳನ್ನು ಬ್ಯಾಂಕಿಗೊಂದು ದೂರವಾಣಿ ಮಾಡಿ ಕಂಡುಹಿಡಿಯಬಹುದು. ಶೆಂಗೆನ್ ದೇಶಗಳು ಅರ್ಜಿಯ ವಿವರಗಳನ್ನು ಸಾಮಾನ್ಯ ಭಂಡಾರವೊಂದರಲ್ಲಿ ಐದು ವರ್ಷಗಳವರೆಗೆ ಇಡುತ್ತವೆ. ಒಬ್ಬರು ನಿರಾಕರಿಸಿದ್ದನ್ನು ಇನ್ನೊಬ್ಬರು ನೋಡಬಲ್ಲರು. ಬ್ರಿಟನ್ನಿನ ನಿಯಮದಂತೆ, ಅರ್ಜಿದಾರನಿಗೆ ತಿಳಿಯದೆಯೇ ಸುಳ್ಳು ಕಾಗದ ಸೇರಿದ್ದರೂ ವೀಸಾ ನಿರಾಕರಿಸಬಹುದು. ಅವನೇ ವಂಚಿಸಿದನೆಂದು ಸಿದ್ಧವಾದರೆ ಹತ್ತು ವರ್ಷಗಳ ನಿಷೇಧ ಬೀಳಬಹುದು. ಹದಿನಾಲ್ಕರ ಹುಡುಗನು ಇಪ್ಪತ್ತರಲ್ಲಿ ಅಲ್ಲಿ ಓದಬಯಸಿದನೆನ್ನಿ. ‘ಹಿಂದೆ ಎಂದಾದರೂ ವೀಸಾ ನಿರಾಕರಣೆಯಾಗಿದೆಯೆ?’ ಎಂಬ ಪ್ರಶ್ನೆಗೆ ಅವನು ಆಗ ‘ಹೌದು’ ಎಂದು ಬರೆಯಬೇಕಾಗುತ್ತದೆ. ತಂದೆಯ ರಜೆಯ ಪ್ರವಾಸಕ್ಕಾಗಿ ಯಾರೋ ಮಾಡಿದ ಒಂದು ಹಾಳೆ ಮಗನ ಓದಿಗೆ ಅಡ್ಡ ನಿಲ್ಲುವ ಬಗೆ ಇದು.

ಆದಕಾರಣ ಅರ್ಜಿಯನ್ನು ಯಾರೇ ತುಂಬಲಿ, ರುಜು ಹಾಕುವ ಮೊದಲು ಪ್ರತಿಯೊಂದು ಸಾಲನ್ನೂ ಓದಬೇಕು. ಇಂಗ್ಲಿಷ್ ಬಾರದ ತಾಯಿಗೆ ಮಗಳು ಕನ್ನಡದಲ್ಲಿ ಓದಿ ಹೇಳಲಿ. ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಎರಡು ಭಾಷೆಗಳ ನಡುವೆ ಸೇತುವೆಯಾಗುವ ಅಭ್ಯಾಸ ಇದ್ದೇ ಇದೆ. ಖಾಲಿ ಅರ್ಜಿಗೆ ರುಜು ಹಾಕಿಕೊಡಕೂಡದು. ಸಲ್ಲಿಸಿದ ಪ್ರತಿಯೊಂದು ಕಾಗದದ ಪ್ರತಿಯೂ ಮನೆಯಲ್ಲಿರಬೇಕು. ಅರ್ಜಿಯಲ್ಲಿ ಏಜನ್ಸಿಯ ದೂರವಾಣಿಯನ್ನೂ ಮಿಂಚಂಚೆಯನ್ನೂ ಬರೆಯುವ ಪದ್ಧತಿಯೊಂದಿದೆ. ಹಾಗೆ ಮಾಡಿದರೆ ಕಾನ್ಸುಲೇಟು ಕೇಳಿದ ಪ್ರಶ್ನೆ ನಮಗೆ ತಿಳಿಯುವುದೇ ಇಲ್ಲ. ಪಾಸ್‌ಪೋರ್ಟು ಕಾನೂನಿನಂತೆ ಭಾರತ ಸರಕಾರದ ಸ್ವತ್ತು. ಬಾಕಿ ಹಣಕ್ಕಾಗಿ ಒತ್ತೆಯಿಟ್ಟುಕೊಳ್ಳುವ ಹಕ್ಕು ಯಾವ ಏಜೆಂಟನಿಗೂ ಇಲ್ಲ.

ವೀಸಾ ನಿರಾಕರಿಸಿದರೆ ಶೆಂಗೆನ್ ಕಾನ್ಸುಲೇಟು ಕಾರಣಗಳನ್ನು ಗುರುತುಹಾಕಿದ ಒಂದು ನಮೂನೆಯನ್ನು ಕೊಡುತ್ತದೆ. ಅದನ್ನು ಏಜನ್ಸಿಯಿಂದ ತಪ್ಪದೆ ಪಡೆಯಬೇಕು. “ಏನೋ, ಕೊಡಲಿಲ್ಲ, ಇನ್ನೊಂದು ದೇಶಕ್ಕೆ ಹಾಕೋಣ” ಎನ್ನುವವರ ಮಾತಿಗೆ ಮರುಳಾಗದೆ ಕಾರಣವನ್ನು ಓದಿ ಅದಕ್ಕೆ ತಕ್ಕ ಕಾಗದ ಸೇರಿಸಿ ಮತ್ತೆ ಅರ್ಜಿ ಕೊಡಬಹುದು. ತೀರ್ಮಾನದ ವಿರುದ್ಧ ಆ ದೇಶದ ಕಾನೂನಿನಂತೆ ಮೇಲ್ಮನವಿಗೂ ಅವಕಾಶವುಂಟು. ಜರ್ಮನಿಯು ಕಾನ್ಸುಲೇಟಿಗೇ ಪುನರ್ವಿಮರ್ಶೆ ಕೋರುವ ಹಳೆಯ ಕ್ರಮವನ್ನು 2025ರ ಜುಲೈ 1ರಿಂದ ನಿಲ್ಲಿಸಿರುವುದರಿಂದ ಅಲ್ಲಿ ಹೊಸ ಅರ್ಜಿ ಅಥವಾ ನ್ಯಾಯಾಲಯ ಎಂಬ ಎರಡೇ ದಾರಿಗಳಿವೆ.

ಪ್ರವಾಸದ ವೀಸಾದಲ್ಲಿ ಹೋಗಿ ಅಲ್ಲಿಯೇ ಕೆಲಸ ಹಿಡಿಯಬಹುದೆಂದು ಆಸೆ ತೋರಿಸುವವರ ವಿಷಯ ಬೇರೆಯೇ. 1983ರ ವಲಸೆ ಕಾಯಿದೆಯಂತೆ ಪರದೇಶದ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟನು ಕೇಂದ್ರ ಸರಕಾರದಲ್ಲಿ ನೋಂದಾಯಿಸಿಕೊಂಡಿರಲೇಬೇಕು. ಟಿಕೇಟು ಮಾರುವ ಅಂಗಡಿಗೆ ಆ ಅಧಿಕಾರ ತಾನಾಗಿ ಬರುವುದಿಲ್ಲ. ನೋಂದಾಯಿತರ ಹೆಸರುಗಳನ್ನು ಸರಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ಯಾರೂ ನೋಡಬಹುದು. ಹತ್ತನೆಯ ತರಗತಿ ಮುಗಿಸದವರು 18 ಗೊತ್ತಾದ ದೇಶಗಳಿಗೆ ಉದ್ಯೋಗಕ್ಕಾಗಿ ಹೋಗಬೇಕಾದರೆ ವಲಸೆ ಅಧಿಕಾರಿಯ ಪ್ರತ್ಯೇಕ ಅನುಮತಿ ಪಡೆಯಬೇಕಾಗುತ್ತದೆ; ಆ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಈ ನಿರ್ಬಂಧವಿಲ್ಲ. ಓದನ್ನು ಅರ್ಧಕ್ಕೆ ಬಿಡಲು ಯೋಚಿಸುವ ಹುಡುಗರು ಇದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಕೊನೆಗೆ ಪಾಸ್‌ಪೋರ್ಟು ಮರಳಿ ಕೈಗೆ ಬಂದಾಗ ಲಕೋಟೆಯನ್ನು ಹಾಗೆಯೇ ಪೆಟ್ಟಿಗೆಯಲ್ಲಿಡಬಾರದು. ಒಳಗೆ ಅಂಟಿಸಿದ ವೀಸಾ ಚೀಟಿಯಲ್ಲಿ ಓದಬೇಕಾದುವು ಹಲವಿವೆ. ಹೆಸರು, ಪಾಸ್‌ಪೋರ್ಟಿನ ಸಂಖ್ಯೆಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಇಂಥ ದಿನದಿಂದ ಇಂಥ ದಿನದವರೆಗೆ ಸಿಂಧು ಎಂದಿರುವುದು ಒಂದು. ಅದರೊಳಗೆ ಎಷ್ಟು ದಿನ ಇರಬಹುದೆಂಬುದು ಇನ್ನೊಂದು. ನಮ್ಮ ಕುಟುಂಬಕ್ಕೆ 16 ರಾತ್ರಿಗಳೆಂದರೆ 17 ದಿನಗಳು ಬೇಕು. ಚೀಟಿಯಲ್ಲಿ 17 ದಿನಗಳೆಂದಿದ್ದು, ಸಿಂಧುವಾದ ಅವಧಿ 32 ದಿನಗಳಿದ್ದರೆ ಅಷ್ಟು ದಿನವೂ ಇರಬಹುದೆಂದು ಅರ್ಥವಲ್ಲ. ವಿಮಾನ ಹಿಂದುಮುಂದಾದರೆ ಇರಲೆಂದು ಸಾಮಾನ್ಯವಾಗಿ ಸೇರಿಸುವ 15 ದಿನಗಳ ಬಿಡುವು ಅದು. ಪ್ರವೇಶಗಳ ಸಂಖ್ಯೆಯ ಎದುರು 1 ಎಂದಿದೆಯೋ, 2 ಎಂದಿದೆಯೋ, ಹಲವು ಬಾರಿ ಎಂಬುದಕ್ಕೆ ‘ಮಲ್ಟ್’ ಎಂದಿದೆಯೋ ನೋಡಬೇಕು. ನಾಲ್ವರ ಚೀಟಿಗಳೂ ಒಂದೇ ರೀತಿಯಾಗಿವೆಯೆಂದು ತಿಳಿಯದೆ ನಾಲ್ಕನ್ನೂ ಓದಬೇಕು. ತಪ್ಪು ಕಂಡರೆ ಕೇಂದ್ರಕ್ಕೂ ಕಾನ್ಸುಲೇಟಿಗೂ ಅಂದೇ ಬರೆದು ತಿಳಿಸಿದರೆ ತಿದ್ದಿಕೊಡುತ್ತಾರೆ; ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅದನ್ನು ತಿದ್ದುವವರು ಯಾರೂ ಇರುವುದಿಲ್ಲ.